ಬಾವಲಿ ಆರಿಸಿದ ಹಣ್ಣು

ಕೌಲಾಲಂಪುರ

ಮಲೇಶಿಯಾದಲ್ಲಿ ಚೌಕಾಸಿ ಮಾಡಲು ಬಾಯಿ ಬೇಡ, ಒಂದು ಬೆರಳಿದ್ದರೆ ಸಾಕು. ಅಂಗಡಿಯವನು ಕ್ಯಾಲ್ಕುಲೇಟರಿನಲ್ಲಿ ತನ್ನ ಬೆಲೆ ಒತ್ತಿ ನಿಮ್ಮ ಕಡೆ ತಿರುಗಿಸುತ್ತಾನೆ. ನೀವು ಅದನ್ನು ಅಳಿಸಿ, ನಿಮ್ಮ ಬೆಲೆ ಒತ್ತಿ, ಅವನ ಕಡೆ ತಿರುಗಿಸಬೇಕು. ಮನೆಯಲ್ಲಿ ಒಲೆ ಉರಿಯುವುದೇ ನಿಂತುಹೋದವನಂತೆ ಅವನು ಮುಖ ಮಾಡುತ್ತಾನೆ. ಆಗ ನಗಬಾರದು, ಕರಗಲೂಬಾರದು. ಹೊಸದಾಗಿ ಹೋಗುವವರಿಗೆ ಇದು ನನ್ನ ಮೊದಲ ಸಲಹೆ.

ಎರಡನೆಯದು ಟೀ ವಿಷಯ. ಅಲ್ಲಿ ಟೀಯನ್ನು ಪ್ಲಾಸ್ಟಿಕ್ ಕವರಿಗೆ ಸುರಿದು, ಬಾಯಿಗೆ ದಾರ ಕಟ್ಟಿ, ಸ್ಟ್ರಾ ಸಿಕ್ಕಿಸಿ ಕೈಗೆ ಕೊಡುತ್ತಾರೆ. ನನ್ನ ಜೊತೆ ಬಂದಿದ್ದ ಲಾರೆನ್ಸ್ ಅದನ್ನು ಅಂಗಿ ಜೇಬಿಗೆ ಇಳಿಸಿ ಬಸ್ ಹತ್ತಿದ. ಹಿಂದಿನವರು ನೂಕಿದಾಗ ಕವರು ಒಡೆದು ಎದೆ ಸುಟ್ಟುಕೊಂಡ.

"ಒಂದು ಲೋಟಕ್ಕೆ ಗತಿ ಇಲ್ವೇನಣ್ಣ ಈ ದೇಶಕ್ಕೆ?"

"ಲೋಟ ಐತೆ ಕಣೋ. ಜೇಬಲ್ಲಿ ಟೀ ಇಟ್ಕಳೋರು ಇಲ್ಲ, ಅಷ್ಟೆ."

ನಾನು ಹಾನುಬಾಳಿನವನು. ಹಳೇ ಪಂಪು, ಕಾಫಿ ಹಣ್ಣು ಸುಲಿಯುವ ಪಲ್ಪರು, ಜನರೇಟರು ಕೊಂಡು, ರಿಪೇರಿ ಮಾಡಿಸಿ ಕಾಫಿ ಎಸ್ಟೇಟುಗಳಿಗೆ ಮಾರುವುದು ನನ್ನ ಕಸುಬು. ಸೈಕಲ್ಲಿನ ಕ್ಯಾರಿಯರಿಗೆ ಗುಜರಿ ಮೋಟಾರು ಕಟ್ಟಿಕೊಂಡು ಶುರುಮಾಡಿದವನು. ಲಾರೆನ್ಸ್ ಸಕಲೇಶಪುರದ ಮೆಕ್ಯಾನಿಕ್, ಮೂಲ ಮಂಗಳೂರು ಕಡೆಯವನು. ಇಂಜಿನ್ನಿಗೆ ಕಿವಿಗೊಟ್ಟೇ ಅದರ ಕಾಯಿಲೆ ಹೇಳುತ್ತಾನೆ. ಮಲೇಶಿಯಾದಲ್ಲಿದ್ದ ಅವನ ನೆಂಟರೊಬ್ಬರು ಒಂದು ಸುದ್ದಿ ತಿಳಿಸಿದ್ದರು: ಹಂದಿ ಸಾಕುವ ಊರುಗಳು ಯಾವುದೋ ಜ್ವರದಿಂದ ಬರಿದಾಗಿವೆ, ಒಳ್ಳೊಳ್ಳೆ ಡೀಸೆಲ್ ಜನರೇಟರುಗಳು ನಿಂತಲ್ಲೇ ನಿಂತಿವೆ, ಮುಟ್ಟುವವರಿಲ್ಲ. ಮುಟ್ಟುವವರಿಲ್ಲದ ಮಾಲು ಎಂದರೆ ನನ್ನ ಕಿವಿ ನಿಮಿರುತ್ತದೆ.

ನಾನು ಹೊರಡುವಾಗ ಮಗಳು ಪವಿತ್ರ ಚೊಚ್ಚಲ ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. "ಕೂಸು ಬರೋ ಹೊತ್ಗೆ ಇಲ್ಲಿರ್ತೀನಿ ಕಣವ್ವ" ಎಂದು ಮಾತು ಕೊಟ್ಟು ಬಂದಿದ್ದೆ.

ದಕ್ಷಿಣದ ದಾರಿ

ನಮ್ಮನ್ನು ವ್ಯಾನಿನಲ್ಲಿ ಕರೆದೊಯ್ದವನು ಸೆಲ್ವಂ. ಅವನ ತಾತನ ಕಾಲದಲ್ಲೇ ರಬ್ಬರ್ ತೋಟಕ್ಕೆ ಬಂದು ನೆಲೆಸಿದ ತಮಿಳರ ಕುಟುಂಬ. ನನ್ನ ತಮಿಳು ಎಸ್ಟೇಟಿನ ಕೂಲಿ ಲೈನುಗಳಲ್ಲಿ ಕಲಿತದ್ದು, ಬೈಗುಳವೇ ಹೆಚ್ಚು. ಆದರೂ ವ್ಯವಹಾರಕ್ಕೆ ಸಾಕಾಯಿತು. ಅವನ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ದಾರಿಯುದ್ದಕ್ಕೂ ಎಣ್ಣೆ ತಾಳೆಯ ಸಾಲು. ನಮ್ಮ ಕಾಫಿ ತೋಟದಲ್ಲಿ ಹೊಕ್ಕರೆ ಸಿಲ್ವರ್ ಓಕ್, ಹಲಸು, ಮೆಣಸಿನ ಬಳ್ಳಿ, ಹಕ್ಕಿ, ಏನಾದರೂ ಒಂದು ಮಾತಾಡುತ್ತಿರುತ್ತದೆ. ಇಲ್ಲಿ ಒಂದೇ ಮರ, ಒಂದೇ ಎತ್ತರ, ಒಂದೇ ನೆರಳು. ಅರ್ಧ ಗಂಟೆ ನೋಡಿದ ಮೇಲೆ ವ್ಯಾನು ನಿಂತಿದೆಯೋ ಓಡುತ್ತಿದೆಯೋ ತಿಳಿಯದಂತಾಯಿತು.

ಸೆಲ್ವಂ ಮೊದಲು ಹಂದಿ ಲಾರಿ ಓಡಿಸುತ್ತಿದ್ದನಂತೆ. "ಹಂದಿಗಳು ಕೆಮ್ಮೋಕೆ ಶುರುಮಾಡಿದವು" ಎಂದ. "ನಾಯಿ ಬೊಗಳಿದ ಹಾಗೆ ಕೆಮ್ಮು. ಒಂದು ಫಾರಂನಲ್ಲಿ ಕೆಮ್ಮಿದರೆ ಪಕ್ಕದ ಫಾರಂಗೆ ಕೇಳಿಸುತ್ತಿತ್ತು. ಆಮೇಲೆ ಅವಕ್ಕೆ ಮೇವು ಹಾಕುವವರಿಗೆ ಜ್ವರ ಬಂತು. ಮೊದಲು ಸೊಳ್ಳೆಯಿಂದ ಬರುವ ಮಿದುಳು ಜ್ವರ ಅಂದುಕೊಂಡರು. ಊರೆಲ್ಲ ಹೊಗೆ ಹಾಕಿದರು, ಸೂಜಿ ಚುಚ್ಚಿದರು. ಸೊಳ್ಳೆ ಸತ್ತವು. ಜನರೂ ಸಾಯುತ್ತಲೇ ಇದ್ದರು."

"ಏನಾಗ್ತಿತ್ತು ಅವರಿಗೆ?"

"ತಲೆನೋವು, ಜ್ವರ. ಆಮೇಲೆ ನಿದ್ದೆ. ಮಾತಾಡ್ತಾ ಮಾತಾಡ್ತಾ ತೂಕಡಿಸೋರು. ಎಬ್ಬಿಸಿದರೆ ಏಳೋರು. ಮರುದಿನ ಎಬ್ಬಿಸಿದರೆ ಏಳ್ತಿರಲಿಲ್ಲ."

ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಲಾರೆನ್ಸನನ್ನು ನಾನು ಮೊಣಕೈಯಿಂದ ತಿವಿದೆ.

ಫಾರಂ

ಆ ಊರಿನ ಮನೆಗಳು ಬಿದ್ದಿರಲಿಲ್ಲ. ಬಿದ್ದಿದ್ದರೆ ಚೆನ್ನಾಗಿತ್ತು. ಬಾಗಿಲ ಮುಂದೆ ಚಪ್ಪಲಿ ಜೋಡಿಸಿಟ್ಟಿತ್ತು. ಹಗ್ಗದ ಮೇಲೆ ಒಂದು ಟವೆಲ್ಲು ಬಿಸಿಲಿಗೆ ಬಿಳುಚಿ ಹಲಗೆಯಂತೆ ನಿಂತಿತ್ತು. ಅಂಗಡಿಯೊಂದರ ಗೋಡೆಯಲ್ಲಿ ಕ್ಯಾಲೆಂಡರು ಹಂದಿ ಜ್ವರದ ವರ್ಷದ್ದೇ ನೇತಾಡುತ್ತಿತ್ತು. ನಾಯಿ ಕೂಡ ಬೊಗಳಲಿಲ್ಲ.

ಫಾರಂನ ಒಡತಿ ಲಿಮ್ ಎಂಬ ಚೀನೀ ವಿಧವೆ. ಐವತ್ತರ ಆಸುಪಾಸು, ನಮ್ಮ ಎಸ್ಟೇಟ್ ಹೆಂಗಸರಂತೆ ತಲೆಗೆ ಬಟ್ಟೆ ಕಟ್ಟಿದ್ದರು. ಪಕ್ಕದ ಪೇಟೆಯಲ್ಲಿ ವಾಸ. ಕೊಳ್ಳುವವರು ಬಂದರೆ ಮಾತ್ರ ಇಲ್ಲಿಗೆ ಬರುವುದು. ಕೈಯಲ್ಲಿ ಕ್ಯಾಲ್ಕುಲೇಟರು ಹಿಡಿದೇ ಬಂದರು. ನನಗೆ ಸರಿಸಾಟಿ ಸಿಕ್ಕಿದರು ಅನ್ನಿಸಿತು.

ಜನರೇಟರು ನೋಡಲು ಹೊಸದರಂತೆಯೇ ಇತ್ತು. ನೋಡಿದ್ದನ್ನು ಕೊಳ್ಳಬಾರದು, ಓಡಿದ್ದನ್ನು ಕೊಳ್ಳಬೇಕು. ಲಾರೆನ್ಸ್ ಡೀಸೆಲ್ ಹಾಕಿ, ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಿದ. ಮೂರನೇ ಸಲಕ್ಕೆ ಹತ್ತಿಕೊಂಡಿತು. ಅವನು ಕಿವಿಗೊಟ್ಟು ನಿಂತ. ನಾನು ಅವನ ಮುಖ ನೋಡುತ್ತ ನಿಂತೆ. ಕೊಟ್ಟಿಗೆಗೆ ಹೋಗುವ ಲೈನಿನ ಸ್ವಿಚ್ಚು ಇಳಿಸಿದೆಯೋ ಇಲ್ಲವೋ ಎಂದು ನಾವಿಬ್ಬರೂ ನೋಡಿರಲಿಲ್ಲ.

ಉದ್ದನೆಯ ಕೊಟ್ಟಿಗೆಗಳಲ್ಲಿ ಒಂದಾದ ಮೇಲೊಂದು ದೀಪ ಹತ್ತಿಕೊಂಡವು. ಫ್ಯಾನುಗಳು ಧೂಳು ಉದುರಿಸುತ್ತ ತಿರುಗಿದವು. ಖಾಲಿ ತೊಟ್ಟಿಗಳಿಗೆ ಪೈಪಿನಿಂದ ಗಾಳಿ ಬುಸುಗುಟ್ಟಿ, ಆಮೇಲೆ ಕೆಂಪು ನೀರು ತೊಟ್ಟಿಕ್ಕತೊಡಗಿತು. ಒಳಗಿನಿಂದ ಒಬ್ಬ ಗಂಡಸು ಚೀನೀ ಭಾಷೆಯಲ್ಲಿ ನಿಧಾನವಾಗಿ, ನಯವಾಗಿ ಮಾತಾಡಲು ಶುರುಮಾಡಿದ.

ಲಾರೆನ್ಸ್ ಶಿಲುಬೆ ಗುರುತು ಹಾಕಿಕೊಂಡ. "ಅಣ್ಣ, ಒಳಗೆ ಯಾರೋ ಅವ್ರೆ."

ರೇಡಿಯೋ ಅದು. ಹಂದಿಗಳು ಸಣ್ಣಪುಟ್ಟ ಸದ್ದಿಗೆ ಬೆದರದಿರಲೆಂದು ಕೊಟ್ಟಿಗೆಯಲ್ಲಿ ಸದಾ ರೇಡಿಯೋ ಹಾಕಿಡುವುದು ಅಲ್ಲಿನ ಪದ್ಧತಿ. ಮಿಲಿಟರಿಯವರು ಬಂದು ಹಂದಿಗಳನ್ನೆಲ್ಲ ಕೊಂದು ಹೂತ ದಿನ ಯಾರೂ ಅದನ್ನು ಆರಿಸಿರಲಿಲ್ಲ. ಲಿಮ್ ಅಮ್ಮ ಕೊಟ್ಟಿಗೆಯ ಬಾಗಿಲವರೆಗೆ ಓಡಿದರು. ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತು, ಸಾಲು ಸಾಲು ಖಾಲಿ ಗೂಡುಗಳ ಮೇಲೆ ಆ ದನಿ ಹರಿಯುವುದನ್ನು ಕೇಳಿದರು. ಬಳಿಕ ನಮ್ಮ ಕಡೆ ತಿರುಗಿ, ಆರಿಸಿ ಎಂದು ಕೈ ಮಾಡಿದರು. ಆ ಗಳಿಗೆಯಲ್ಲಿ ಬೆಲೆ ಕೇಳಿದ್ದರೆ ಅರ್ಧಕ್ಕೇ ಕೊಡುತ್ತಿದ್ದರು. ನನಗೂ ಕೇಳಲು ಬಾಯಿ ಬರಲಿಲ್ಲ.

ಸೀಬೆ ಮರ

ಕೊಟ್ಟಿಗೆಯ ಪಕ್ಕದಲ್ಲಿ ಮಾವು, ಸೀಬೆ ಮರಗಳಿದ್ದವು. ಮಾತುಕತೆಗೆ ಸೀಬೆಯ ನೆರಳಿಗೆ ಬಂದೆವು. ಬುಡದಲ್ಲಿ ಹಣ್ಣು ಉದುರಿದ್ದವು. ಒಂದಕ್ಕೆ ಒಂದು ಕಡೆ ಕಚ್ಚಿದ ಗುರುತು, ಇನ್ನೂ ಒದ್ದೆ ಆರಿರಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾವಲಿ, ಅಳಿಲು ಕಚ್ಚಿದ ಹಣ್ಣೇ ಸಿಹಿ. ಕಾಫಿ ತೋಟದಲ್ಲಿ ಬಾವಲಿ ಹಣ್ಣಿನ ರಸ ಹೀರಿ ಉಗಿದ ಬೀಜವನ್ನು ಗಿಡದ ಬುಡದಿಂದ ಆರಿಸಿ ತರುವುದೂ ಒಂದು ಕೆಲಸವೇ. ಕತ್ತಲಲ್ಲಿ ಮೂಸಿ ಮೂಸಿ ಆರಿಸುವ ಪ್ರಾಣಿ ಅದು, ಹುಳಿ ಹಣ್ಣಿಗೆ ಬಾಯಿ ಹಾಕುವುದಿಲ್ಲ. ನಾನು ಆ ಹಣ್ಣು ಎತ್ತಿಕೊಂಡು, ಜೇಬಿನ ಚಾಕು ತೆಗೆದು, ಕಚ್ಚಿದ ಭಾಗ ಕೆತ್ತಿ ಎಸೆದು, ಉಳಿದದ್ದನ್ನು ತಿನ್ನತೊಡಗಿದೆ. ಚೌಕಾಸಿ ಮಾಡುವಾಗ ಬಾಯಲ್ಲಿ ಏನಾದರೂ ಇದ್ದರೆ ಎದುರಿನವರಿಗೆ ನಮ್ಮ ಮುಖ ಓದಲು ಆಗುವುದಿಲ್ಲ.

ಲಿಮ್ ಅಮ್ಮ ಕ್ಯಾಲ್ಕುಲೇಟರಿನಿಂದ ತಲೆ ಎತ್ತಿದರು. ಕೈ ಬೀಸಿ ಹಣ್ಣಿಗೆ ಹೊಡೆದರು. ನನ್ನ ಕುತ್ತಿಗೆ ಹಿಡಿದು ಬಗ್ಗಿಸಿ, ಬಾಟಲಿ ನೀರು ಬಾಯಿಗೆ ಸುರಿದು ಉಗಿ ಉಗಿ ಎಂದು ಬೆನ್ನಿಗೆ ಗುದ್ದಿದರು. ಅಷ್ಟರಲ್ಲಿ ನುಂಗಬೇಕಾದ್ದನ್ನು ನುಂಗಿಯಾಗಿತ್ತು.

ಸೆಲ್ವಂ ಮಾರು ದೂರ ಸರಿದು ನಿಂತಿದ್ದ. "ಹಂದಿಗೆ ಕಾಯಿಲೆ ಎಲ್ಲಿಂದ ಬಂತು ಅಂತ ಹುಡುಕಿದರು ಸಾರ್. ಕೊಟ್ಟಿಗೆ ಮೇಲೆ ಚಾಚಿದ ಮರದ ಹಣ್ಣು ಬಾವಲಿ ಕಚ್ಚಿ ಬೀಳಿಸಿತ್ತು. ಹಂದಿ ತಿಂತು. ಇದೇ ಮರ ಇರಬಹುದು, ಯಾರಿಗೆ ಗೊತ್ತು."

ಆಸ್ಪತ್ರೆ

ಸೆಲ್ವಂ ಕರೆದೊಯ್ದ ಆಸ್ಪತ್ರೆಯ ಡಾಕ್ಟರಮ್ಮ ಕೂಡ ತಮಿಳು ಬಲ್ಲವರು, ಸಮಾಧಾನದ ಹೆಂಗಸು. ವೈರಸ್ಸು ಎಂದರೇನು ಎಂದು ಕೇಳಿದೆ. ಅವರು ವಿವರಿಸಿದ್ದನ್ನು ನನ್ನ ಕಸುಬಿನ ಮಾತಲ್ಲಿ ಹೇಳುತ್ತೇನೆ. ವೈರಸ್ಸು ಒಬ್ಬ ದಲ್ಲಾಳಿ. ಅವನಿಗೆ ಸ್ವಂತ ಅಂಗಡಿ ಇಲ್ಲ, ತಕ್ಕಡಿ ಇಲ್ಲ, ಆಳು ಇಲ್ಲ. ಹೊರಗೆ ಬಿದ್ದಿದ್ದರೆ ಬದುಕಿದ್ದಾನೆ ಎನ್ನುವ ಹಾಗೂ ಇಲ್ಲ. ಬಿಸಿಲಿಗೆ ಒಣಗಿದರೆ ಕತೆ ಮುಗಿಯಿತು. ಆದರೆ ನಮ್ಮ ಮೈಯ ಒಂದು ಜೀವಕೋಶದ ಬಾಗಿಲು ತೆರೆದುಕೊಂಡರೆ ಒಳಗೆ ಕೂತು, ಆ ಅಂಗಡಿಯ ಆಳುಗಳಿಂದಲೇ ತನ್ನಂಥ ಸಾವಿರ ದಲ್ಲಾಳಿಗಳನ್ನು ಮಾಡಿಸುತ್ತಾನೆ. ಅಂಗಡಿ ದಿವಾಳಿ. ಅವರೆಲ್ಲ ಪಕ್ಕದ ಅಂಗಡಿಗೆ ಹೋಗುತ್ತಾರೆ. ಈ ನಿಪಾ ಎಂಬ ವೈರಸ್ಸಿಗೆ ಬಾವಲಿ ಹಳೆಯ ಮನೆ; ಅಲ್ಲಿ ಬಾಡಿಗೆಯವನಂತೆ ತಂಟೆಯಿಲ್ಲದೆ ಇರುತ್ತಾನೆ. ಮನುಷ್ಯನ ಮನೆ ಹೊಸದು. ಹಾಗಾಗಿ ಬೆಂಕಿ ಹಚ್ಚುತ್ತಾನೆ, ಅದೂ ಮಿದುಳಿಗೆ.

ನಮ್ಮ ಮಲೆನಾಡಿನ ಮಂಗನ ಕಾಯಿಲೆಯೂ ಇದೇ ಜಾತಿಯದೇ ಎಂದು ಕೇಳಿದೆ. ಅದೂ ವೈರಸ್ಸೇ, ಆದರೆ ಕುಲ ಬೇರೆ, ಉಣ್ಣೆ ಕಚ್ಚಿ ಬರುವುದು ಎಂದರು.

"ನನಗೆ ಬಂದಿದೆಯಾ?"

"ಬರದಿರುವ ಸಂಭವವೇ ಹೆಚ್ಚು. ಇಲ್ಲಿ ಕಾಯಿಲೆ ಬಿದ್ದವರು ಬಹುಪಾಲು ಹಂದಿಗಳ ಜೊತೆ ಇದ್ದವರು. ಆದರೆ ಒದ್ದೆ ಹಣ್ಣು ತಿಂದಿದ್ದೀರಿ. ಬರುವುದಿಲ್ಲ ಅಂತ ಬರೆದುಕೊಡಲಾರೆ. ಎರಡು ವಾರ ನೋಡಬೇಕು."

"ಒಂದು ವಾರಕ್ಕೆ ಇಳಿಸಿ."

ಅವರು ನಕ್ಕರು. "ನನ್ನ ಕೈಲಿಲ್ಲ. ಅದರ ಹತ್ತಿರ ಕೇಳಿ."

"ಹಾಗಾದರೆ ಊರಲ್ಲೇ ಇದ್ದು ನೋಡಿಕೊಳ್ಳಲೇ?"

"ಮನೆಯಲ್ಲಿ ಯಾರಿದ್ದಾರೆ?"

"ಹೆಂಡತಿ. ದಿನ ತುಂಬಿದ ಮಗಳು."

ಡಾಕ್ಟರಮ್ಮ ಕೂಡಲೇ ಉತ್ತರ ಹೇಳಲಿಲ್ಲ. ಜೀವನವೆಲ್ಲ ಎದುರಿನವರ ಮೌನಕ್ಕೆ ಬೆಲೆ ಕಟ್ಟಿ ಬದುಕಿದವನು ನಾನು. ಆ ಮೌನದ ಬೆಲೆ ತಿಳಿಯಿತು.

ಹೊರಗೆ ಬಂದಾಗ ಲಾರೆನ್ಸ್ ಬೇರೆ ದಾರಿ ಹೇಳಿದ. "ಯಾರ್ಗೂ ಹೇಳೋದು ಬ್ಯಾಡ ಕಣಣ್ಣ. ಟಿಕೆಟ್ ಐತೆ, ಹೋಗ್ಬುಡಾಣ. ನಾನು ಚಿಕ್ಕೋನಿದ್ದಾಗಿಂದ ಬಾವಲಿ ಎಂಜ್ಲು ತಿಂದಿವ್ನಿ, ಏನಾಗೈತೆ ಹೇಳು ನಂಗೆ?"

"ನಿಂಗೆ ಆಗಿರೋದ್ನ ನಾನ್ ಹೇಳ್ದ್ರೆ ನೀನು ಬೇಜಾರ್ ಮಾಡ್ಕತೀಯ. ನೀನ್ ಹೋಗು. ಕಂಟೇನರ್ ಕೆಲಸ ಬಾಕಿ ಐತೆ, ಬತ್ತಾರೆ ಅನ್ನು. ಪವಿ ಕೇಳಿದ್ರೂ ಅಷ್ಟೇ ಅನ್ನು."

ಅವನು ವ್ಯಾನು ಹತ್ತುವ ಮುಂಚೆ ಕೈ ಕುಲುಕಲು ಬಂದು, ಅರ್ಧಕ್ಕೇ ತಡೆದು, ಕೈ ಮುಗಿದ.

ಸ್ಟೋರ್

ಸೆಲ್ವಂ ಮನೆಯಲ್ಲಿ ಚಿಕ್ಕ ಮಕ್ಕಳಿದ್ದವು. ಹೋಟೆಲಿನವರಿಗೆ ನಿಜ ಹೇಳಿದರೆ ಇಟ್ಟುಕೊಳ್ಳುವುದಿಲ್ಲ, ಸುಳ್ಳು ಹೇಳಿ ಇರುವುದು ನನಗೆ ಬೇಡವಾಯಿತು. ಕೊನೆಗೆ ಲಿಮ್ ಅಮ್ಮನೇ ಫಾರಂನಿಂದ ರಸ್ತೆಯಾಚೆ ಇದ್ದ ಹಳೇ ಮೇವಿನ ಸ್ಟೋರಿನ ಕೀಲಿ ಕೊಟ್ಟರು. ಆ ಇಡೀ ಊರಿಗೆ ನಾನೊಬ್ಬನೇ ನಿವಾಸಿ.

ಸಂಜೆ ಬಾವಲಿಗಳು ಹೊರಡುತ್ತಿದ್ದವು. ನಮ್ಮೂರ ಬಾವಲಿಗಳು ಅರಳಿ ಮರದಿಂದ ಕಿರುಚಾಡುತ್ತ, ಜಗಳ ಮಾಡುತ್ತ ಏಳುತ್ತವೆ. ಇವು ದೊಡ್ಡವು, ಸದ್ದಿಲ್ಲ. ಕೆಲಸಕ್ಕೆ ಹೋಗುವವರ ಹಾಗೆ ಸಾಲಾಗಿ, ಅವಸರವಿಲ್ಲದೆ ಖಾಲಿ ಮನೆಗಳ ಮೇಲೆ ಹಾದು ಹೋಗುತ್ತಿದ್ದವು. ಅವಕ್ಕೆ ನನ್ನ ಮೇಲೆ ದ್ವೇಷವಿರಲಿಲ್ಲ. ಊರು ಬರಿದಾದದ್ದು ತಮ್ಮಿಂದ ಎಂಬುದೂ ಗೊತ್ತಿರಲಾರದು. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಅಂಜಿಕೆ ಹುಟ್ಟಿಸಿತು. ಹಗೆ ಇದ್ದರೆ ರಾಜಿ ಮಾಡಿಕೊಳ್ಳಬಹುದು.

ಮಲಗಲು ಭಯವಾಗುತ್ತಿತ್ತು. ಎದ್ದ ಕೂಡಲೇ ಎರಡು ಕೈ ಎತ್ತಿ ಬೆರಳಾಡಿಸಿ ನೋಡುತ್ತಿದ್ದೆ. ಸಕಲೇಶಪುರದಿಂದ ಹಾನುಬಾಳಿಗೆ ಬರುವ ದಾರಿಯ ತಿರುವುಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಒಂದು ತಿರುವು ಮರೆತರೆ ಮತ್ತೆ ಸಕಲೇಶಪುರದಿಂದ ಶುರುಮಾಡುತ್ತಿದ್ದೆ.

ಬೆಳಿಗ್ಗೆ ಲಿಮ್ ಅಮ್ಮ ಸ್ಕೂಟರಿನಲ್ಲಿ ಬಂದು, ಗೇಟಿನ ಮೇಲೆ ಗಂಜಿಯ ಡಬ್ಬಿ ಇಟ್ಟು ದೂರ ನಿಲ್ಲುತ್ತಿದ್ದರು. ನನ್ನ ಹೆಸರು ಕರೆಯುತ್ತಿರಲಿಲ್ಲ, ಹೇಗಿದ್ದೀಯ ಎಂದೂ ಕೇಳುತ್ತಿರಲಿಲ್ಲ. ಜನರೇಟರಿನ ಬೆಲೆ ಕೂಗುತ್ತಿದ್ದರು, ಹರಕು ಇಂಗ್ಲಿಷಿನಲ್ಲಿ. ನಾನು ಒಳಗಿನಿಂದ ಕಡಿಮೆ ಬೆಲೆ ಕೂಗುತ್ತಿದ್ದೆ. ಅವರು ಬೈದು, ಇನ್ನೊಂದು ಬೆಲೆ ಕೂಗುತ್ತಿದ್ದರು. ನಾನು ಜಗ್ಗುತ್ತಿರಲಿಲ್ಲ. ಆಗ ಅವರು ಸ್ಕೂಟರ್ ಹತ್ತಿ ಹೋಗುತ್ತಿದ್ದರು. ಈ ಹೆಂಗಸಿಗೆ ವ್ಯಾಪಾರದ ಆಸೆ ಎಷ್ಟು ಎಂದು ಮೊದಲು ಅಂದುಕೊಂಡೆ. ಆಮೇಲೆ ಸೆಲ್ವಂ ಹೇಳಿದ. ಅವರ ಗಂಡ ಆ ಜ್ವರದಲ್ಲಿ ತೀರಿಕೊಳ್ಳುವ ಮುಂಚೆ ಮೊದಲು ಮರೆತದ್ದು ಬೆಲೆ, ಲೆಕ್ಕವಂತೆ. ಮೈದುನನದು ಇನ್ನೊಂದು ಕತೆ. ಅವನು ಆಸ್ಪತ್ರೆಯಿಂದ ಗುಣವಾಗಿ ಬಂದ, ಹಬ್ಬ ಮಾಡಿದರು. ಎಷ್ಟೋ ತಿಂಗಳ ಮೇಲೆ ಊಟಕ್ಕೆ ಕೂತವನಿಗೆ ಬಟ್ಟಲಿಗೆ ಏನೆನ್ನುತ್ತಾರೆ ಎಂಬುದೇ ನೆನಪಾಗಲಿಲ್ಲ. ಆ ಕಾಯಿಲೆ ತಲೆಯೊಳಗೆ ಎಲ್ಲೋ ಮಲಗಿತ್ತು, ಎದ್ದಿತು.

ಪೇಟೆಗೆ ಹೋಗಿ ಅಂಗಡಿಯ ಫೋನಿನಿಂದ ಮನೆಗೆ ಮಾತಾಡಬಹುದಿತ್ತು. ಜನರ ನಡುವೆ ಹೋಗಲು ಭಯ. ಸೆಲ್ವಂ ನನ್ನ ಪರವಾಗಿ ಫೋನು ಮಾಡಿ, ನನ್ನ ಹೆಂಡತಿ ಶಾರದೆಯ ಕನ್ನಡ ತಿಳಿಯದೆ ಒದ್ದಾಡಿ, ಒಂದೇ ಸುದ್ದಿ ತಂದ: ಹೆಣ್ಣು ಮಗು, ಇಬ್ಬರೂ ಹುಷಾರು.

ಮತ್ತೆ ಆಸ್ಪತ್ರೆ

ಎರಡನೇ ವಾರದಲ್ಲಿ ಒಂದು ಬೆಳಿಗ್ಗೆ ತಲೆ ಸಿಡಿಯುತ್ತಿತ್ತು. ಕಣ್ಣುಗುಡ್ಡೆಯ ಹಿಂದೆ ಯಾರೋ ಹೆಬ್ಬೆರಳಿಟ್ಟು ಒತ್ತಿದಂತೆ. ಗೇಟಿನಿಂದ ಬೆಲೆ ಕೇಳಿಸಿತು. ಹಿಂದಿನ ದಿನಕ್ಕಿಂತಲೂ ಹೆಚ್ಚಿತ್ತು.

"ಓಕೆ" ಎಂದೆ.

ಲಿಮ್ ಅಮ್ಮ ಗೇಟಿಗೆ ಹತ್ತಿರ ಬಂದರು. ಮತ್ತೆ ಕೂಗಿದರು, ಇನ್ನೂ ಹೆಚ್ಚಿಸಿ.

"ಓಕೆ, ಓಕೆ."

ಸ್ಕೂಟರು ಹೋದ ರಭಸ ಕೇಳಿಸಿತು. ಸ್ವಲ್ಪ ಹೊತ್ತಿಗೆ ಸೆಲ್ವಂ ಮೂಗು ಬಾಯಿಗೆ ಟವೆಲ್ ಕಟ್ಟಿಕೊಂಡು ವ್ಯಾನು ತಂದ. ಲಿಮ್ ಅಮ್ಮ ನನ್ನ ಪಕ್ಕದಲ್ಲೇ ಕೂತರು. ಕಣ್ಣು ಮುಚ್ಚಿದಾಗಲೆಲ್ಲ ಕೆನ್ನೆಗೆ ಹೊಡೆದರು. ಮಗಳ ಮುಖ ನೆನೆಸಿಕೊಳ್ಳಲು ನೋಡಿದೆ. ಹುಡುಗಿಯಾಗಿದ್ದಾಗಿನ ಮುಖ ಬರುತ್ತಿತ್ತು, ಈಗಿನದು ಬರಲೊಲ್ಲದು.

ರಕ್ತ ತೆಗೆದರು. ಬೇರೆ ಕೋಣೆಯಲ್ಲಿ ಒಬ್ಬನನ್ನೇ ಹಾಕಿದರು. ಮೈಕೈ ಮೂಳೆ ಮುರಿದಂತೆ ನೋವು. ಡಾಕ್ಟರಮ್ಮ ಒಂದು ದಿನ ಮುಖಕ್ಕೆ ಕಟ್ಟಿದ್ದ ಬಟ್ಟೆ ಇಳಿಸಿ ಒಳಗೆ ಬಂದಾಗಲೇ ನನಗೆ ಅರ್ಥವಾಯಿತು. "ಡೆಂಗ್ಯೂ" ಎಂದರು. "ಇದೂ ವೈರಸ್ಸೇ. ಆದರೆ ಸೊಳ್ಳೆ ತಂದದ್ದು. ಆ ಇನ್ನೊಂದು ನಿಮ್ಮ ರಕ್ತದಲ್ಲಿ ಸಿಕ್ಕಿಲ್ಲ."

ಡೆಂಗ್ಯೂ ಎಂದು ಕೇಳಿ ಕೈ ಮುಗಿದವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

"ಮುಂದೆಂದೂ ಬರುವುದಿಲ್ಲ ತಾನೇ? ಮಲಗಿರುವುದೂ ಇಲ್ಲ ತಾನೇ?"

"ಬಂದೇ ಇಲ್ಲದ್ದು ಎಲ್ಲಿ ಮಲಗುತ್ತದೆ? ಹೋಗಿ, ಮೊಮ್ಮಗಳನ್ನು ನೋಡಿ."

ಜನರೇಟರಿನ ವ್ಯಾಪಾರ ಲಿಮ್ ಅಮ್ಮನ ಮಾತಿಗೂ ನನ್ನ ಮಾತಿಗೂ ನಡುವೆ ಮುಗಿಯಿತು. ನಾನು ಓಕೆ ಎಂದ ಬೆಲೆಯನ್ನು ಅವರು ಎತ್ತಲೇ ಇಲ್ಲ.

ಹಾನುಬಾಳು

ಮನೆಯಲ್ಲಿ ಸೀಗೆಪುಡಿ, ಬೆಳ್ಳುಳ್ಳಿ, ಸಾಂಬ್ರಾಣಿ ಹೊಗೆಯ ವಾಸನೆ. ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ, ಒಳಗೆ ಹೋಗಲಿಲ್ಲ. ಶಾರದೆ ಮಗುವನ್ನು ತಂದು ಚಾಚಿದಳು. ಕೈ ಹಿಂದಕ್ಕೆ ಕಟ್ಟಿಕೊಂಡೆ. ದಾರಿಯ ಧೂಳು ಎಂದೆ. ಸ್ನಾನ ಮಾಡಿ ಬಂದ ಮೇಲೆ ಸುಸ್ತು ಎಂದೆ. ಮರುದಿನ ಸಕಲೇಶಪುರಕ್ಕೆ ಕೆಲಸವಿದೆ ಎಂದು ಹೊರಟೆ. ಡಾಕ್ಟರಮ್ಮ ಹೇಳಿದ್ದು ತಲೆಗೆ ಹೊಕ್ಕಿತ್ತು, ಕೈಗೆ ಇಳಿದಿರಲಿಲ್ಲ. ಹಬ್ಬ ಮಾಡಿಸಿಕೊಂಡ ಲಿಮ್ ಅಮ್ಮನ ಮೈದುನನಿಗೂ ಯಾರೋ ಹುಷಾರು ಎಂದೇ ಹೇಳಿ ಕಳಿಸಿದ್ದರಲ್ಲ.

ಕೆ. ಹೊಸಕೋಟೆಯಿಂದ ಬೀಗಿತ್ತಿ ಮೊಮ್ಮಗಳನ್ನು ನೋಡಲು ಬಂದವರು ಇದನ್ನು ಗಮನಿಸಿದರು. ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ, ನನಗೆ ಕೇಳುವಂತೆ ಅಂದರು: "ಗಂಡಾಗಿದ್ರೆ ಬೀಗ್ರು ಇಷ್ಟೊತ್ಗೆ ಹೆಗಲ್ಮೇಲೆ ಕೂರ್ಸ್ಕಂಡು ಅಂಗಡಿ ಬೀದಿ ಸುತ್ತುಸ್ಬುಡೋರು."

ಒಳಗೆ ಪವಿತ್ರ ಮೂಗೇರಿಸಿದ್ದು ಕೇಳಿಸಿತು.

ಬೀಗಿತ್ತಿ ಊರಿಗೆ ಹೋದ ಮೇಲೆ ನಾನು ಮಗಳ ಕೋಣೆಯ ಹೊಸ್ತಿಲಲ್ಲಿ ಕೂತು ಎಲ್ಲ ಹೇಳಿದೆ. ಹಣ್ಣು, ರೇಡಿಯೋ, ನಿದ್ದೆ ಹೋದವರು, ಎಲ್ಲ. ಹೇಳುತ್ತಿರುವಾಗ ಅವಳ ಕೈ ತಾನಾಗಿಯೇ ಮಗುವನ್ನು ಒಂದು ಗೇಣು ತನ್ನ ಕಡೆಗೆ ಎಳೆದುಕೊಂಡಿತು. ನನಗೆ ನೋವಾಗಲಿಲ್ಲ. ತಾಯಿಯಾಗಿದ್ದಾಳೆ ಅನ್ನಿಸಿತು.

"ಡಾಕ್ಟ್ರು ಏನಂದ್ರಪ್ಪ?"

"ಇಲ್ಲ ಅಂದವ್ರೆ."

"ಮತ್ತೆ?"

"ಮತ್ತೆ ಏನಿಲ್ಲ. ನಂಗೇ ಧೈರ್ಯ ಸಾಲ್ದು."

ಮಗು ಮಲಗಿತ್ತು. ನಾನು ನೋಡುತ್ತ ಕೂತೆ. ಬಿಸಿನೀರು ಹಾಕಿ ಮಲಗಿಸಿದ್ದ ಕೂಸು, ಮಿಸುಕಲಿಲ್ಲ. ಹೊರಗೆ ಕಣದಲ್ಲಿ ಯಾರೋ ಒಣಗಲು ಹಾಕಿದ ಕಾಫಿ ಕೆದಕುವ ಸದ್ದಾಯಿತು. ಆಗಲೂ ಮಿಸುಕಲಿಲ್ಲ. ಉಸಿರು ಆಡುತ್ತಿರುವುದು ನನಗೆ ಕಾಣುತ್ತಿತ್ತು, ಆದರೂ ಸಾಲಲಿಲ್ಲ.

"ಪವಿ, ಒಂದ್ಸಲ ಎಬ್ಬಿಸವ್ವ."

"ಮಲಗಿರೋ ಕೂಸ್ನ ಎಬ್ಬಿಸ್ತಾರೇನಪ್ಪ?"

"ಒಂದೇ ಸಲ. ಕಣ್ಣು ಬುಟ್ರೆ ಸಾಕು."

ಅವಳು ಮಗುವಿನ ಕಾಲ ಮೇಲಿನ ಬಟ್ಟೆ ಸರಿಸಿದಳು. ಆಮೇಲೆ ಮಗುವಿನ ಅಂಗಾಲನ್ನು ಬೆರಳಿನಿಂದ ತಟ್ಟಿದಳು. ಒಂದು ಸಲಕ್ಕೆ ಏಳಲಿಲ್ಲ. ಇನ್ನೊಂದು ಸಲ ತಟ್ಟಿದಳು. ಮಗು ಮುಖ ಸಿಂಡರಿಸಿ, ಕೆಂಪಾಗಿ, ಕಣ್ಣು ಬಿಟ್ಟು, ಇಡೀ ಮನೆಗೆ ಕೇಳುವ ಹಾಗೆ ಅಳತೊಡಗಿತು.

ಪವಿತ್ರ ಎದ್ದು ಬಂದು, ನಾನು ಕೈ ಕಟ್ಟಿಕೊಳ್ಳುವ ಮೊದಲೇ ಅದನ್ನು ನನ್ನ ತೊಡೆಯ ಮೇಲೆ ಇಟ್ಟಳು.

"ಎಬ್ಬಿಸ್ದೋರೇ ಮಲಗಿಸ್ಬೇಕು" ಎಂದು ಹೇಳಿ ಬಚ್ಚಲಿಗೆ ಹೋದಳು.

ಮಗು ಅತ್ತಿತು, ಬಿಕ್ಕಿತು, ನನ್ನ ಅಂಗಿಯ ಗುಂಡಿಯನ್ನು ನೋಡುತ್ತ ಸುಮ್ಮನಾಯಿತು. ರೆಪ್ಪೆ ಭಾರವಾಗಿ ಮೆಲ್ಲಗೆ ಇಳಿಯತೊಡಗಿದವು. ನಾನು ತೊಡೆ ಅಲುಗಿಸಿದೆ. ಮತ್ತೆ ಕಣ್ಣು ಬಿಟ್ಟಿತು. ತಟ್ಟಿ ಮಲಗಿಸಬೇಕು ಎಂದು ಗೊತ್ತಿತ್ತು. ಎಷ್ಟೋ ಮಕ್ಕಳನ್ನು ಮಲಗಿಸಿದ ಕೈ ಇದು. ತಟ್ಟಲು ಎತ್ತಿದೆ. ಇಳಿಸಲು ಧೈರ್ಯ ಬರದೆ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಕೂತೆ.